ಪರದೆಯ ಅಂಚಿನ ಸೂಜಿಗಳು

ಜನವರಿ 18, ಶನಿವಾರ

ಮಾನ್ಯ ಡಾಕ್ಟರ್ ಅವರಿಗೆ,

ನಮಸ್ಕಾರ.

ಈ ಬೆಳಿಗ್ಗೆ ಸಂಘದ ಕೋಣೆಯ ಬೀಗ ತೆಗೆದಾಗ ಕಿಟಕಿ ಪರದೆಯ ಅಂಚಿನಲ್ಲಿ ಏಳು ಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಏಳಕ್ಕೂ ದಾರ ಪೋಣಿಸಿತ್ತು. ನಮ್ಮಲ್ಲಿ ಏಳು ಜನರಿಗೆ ಕಣ್ಣು ಮಂಜು. ಕಣ್ಣು ಚುರುಕಾಗಿರುವ ಯಾರೋ ಒಬ್ಬರು ಪ್ರತಿ ವಾರ ಹೊರಡುವ ಮುಂಚೆ ಅವರಿಗಾಗಿ ಪೋಣಿಸಿಟ್ಟು ಹೋಗುತ್ತಾರೆ. ಯಾರೆಂದು ಇಷ್ಟು ವರ್ಷವಾದರೂ ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ.

ಆಮಂತ್ರಣ ಪತ್ರವನ್ನು ಹೀಗೆ ಶುರು ಮಾಡಬಾರದೆಂದು ನನಗೆ ಗೊತ್ತು. ಹರಿದು ಬೇರೆ ಬರೆಯೋಣವೆಂದರೆ ಸಂಘದ ಹೆಸರು ಅಚ್ಚಾಗಿರುವ ಕಾಗದ ಇದೊಂದೇ ಉಳಿದಿದೆ. ದಯವಿಟ್ಟು ಕ್ಷಮಿಸಿ, ಮೇಲಿನ ಸಾಲುಗಳನ್ನು ಬಿಟ್ಟು ಇಲ್ಲಿಂದ ಓದಿ.

ನಮ್ಮ ಹಳ್ಳಿಯ ಮಹಿಳಾ ಸಂಘಕ್ಕೆ ಈ ವರ್ಷ ಇಪ್ಪತ್ತು ತುಂಬುತ್ತದೆ. ಫೆಬ್ರುವರಿ 22ರ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ವಾರ್ಷಿಕ ಸಭೆ. ಸಾವಿರಾರು ಮಕ್ಕಳ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿದ ತಾವು ಅಂದು ಅತಿಥಿಯಾಗಿ ಬಂದು ನಾಲ್ಕು ಮಾತು ಹೇಳಬೇಕೆಂದು ನಮ್ಮ ಅಧ್ಯಕ್ಷೆ ಕೇಳಿಕೊಂಡಿದ್ದಾರೆ. ಅವರು ಹಾಲಿನ ಕೇಂದ್ರದಲ್ಲಿ ಹಾಲು ಅಳೆಯುವವರು. ಸಂಘದ ಕೋಣೆ ಆ ಕೇಂದ್ರದ ಹಿಂಬದಿಗೇ ಇದೆ. ಮೊದಲು ಮೇವಿನ ಗೋದಾಮಾಗಿತ್ತು, ತಗಡಿನ ಮಾಡು, ಎರಡು ಕಿಟಕಿ. ತಮ್ಮಂಥವರನ್ನು ಕರೆಯುವ ಜಾಗವಲ್ಲ ಎಂದು ನಾನು ಹೇಳಿದೆ. "ನೀನು ಬರಿ, ಬರೋದು ಬಿಡೋದು ಅವರಿಗೆ ಬಿಟ್ಟಿದ್ದು" ಎಂದರು. ಬರೆದಿದ್ದೇನೆ.

ಅಧ್ಯಕ್ಷೆಯವರ ಪರವಾಗಿ,
ಕಾರ್ಯದರ್ಶಿ, ಮಹಿಳಾ ಸಂಘ

---

ಜನವರಿ 29

ಕಾರ್ಯದರ್ಶಿಯವರಿಗೆ,

ನಿವೃತ್ತಳಾದ ಮೇಲೆ ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಬರುವ ಆಮಂತ್ರಣಗಳಿಗೆಲ್ಲ ಕಳಿಸಲು ಒಂದೇ ಉತ್ತರವನ್ನು ಅಚ್ಚು ಹಾಕಿಸಿಟ್ಟಿದ್ದೇನೆ. ನಿಮಗೂ ಅದನ್ನೇ ಕಳಿಸುವವಳಿದ್ದೆ. ಲಕೋಟೆಗೆ ಹಾಕಿಯೂ ಆಗಿತ್ತು. ಆದರೆ ಆ ಏಳು ಸೂಜಿಗಳು ನನ್ನನ್ನು ಬಿಡಲಿಲ್ಲ. ಬಿಟ್ಟು ಓದಿ ಎಂದಿರಿ, ನಾನು ಅದನ್ನೇ ಎರಡು ಸಲ ಓದಿದೆ.

ಬರುತ್ತೇನೆ. ಸನ್ಮಾನ ಬೇಡ. ಮಾತಾಡುವಾಗ ನನ್ನ ಮುಂದೆ ಒಂದು ಮೇಜು ಇರಲಿ, ಅದರ ಮೇಲೆ ಕೆಳಗಿನವರೆಗೆ ಇಳಿಯುವ ಬಟ್ಟೆ ಇದ್ದರೆ ಅನುಕೂಲ. ಅಭ್ಯಾಸಬಲ, ಅಷ್ಟೆ.

ಈ ಪತ್ರವನ್ನು ನಮ್ಮ ಕೆಳಗಿನ ಮನೆಯ ಟೀಚರ್ ಬರೆದುಕೊಡುತ್ತಿದ್ದಾರೆ. ನನಗೆ ಪುರುಸೊತ್ತು ಕಡಿಮೆ.

ಡಾಕ್ಟರ್

---

ಫೆಬ್ರುವರಿ 6

ಮಾನ್ಯ ಡಾಕ್ಟರ್ ಅವರಿಗೆ,

ನಿಮ್ಮ ಪತ್ರವನ್ನು ಅಂಚೆಯಕ್ಕ ನೇರವಾಗಿ ಹಾಲಿನ ಕೇಂದ್ರಕ್ಕೇ ತಂದರು. ಅಧ್ಯಕ್ಷೆ ಅಳತೆಯ ಪಾತ್ರೆ ಕೆಳಗಿಟ್ಟು, ಕೈ ಒರೆಸಿಕೊಂಡು, ನಿಂತಲ್ಲೇ ಓದಿದರು. ಸಾಲಿನಲ್ಲಿದ್ದ ಹನ್ನೆರಡು ಜನ ಹಾಲು ಹಿಡಿದುಕೊಂಡು ಕಾದರು. "ಬರ್ತಾರಂತೆ" ಎಂದಷ್ಟೇ ಹೇಳಿ ಮತ್ತೆ ಅಳೆಯಲು ಶುರು ಮಾಡಿದರು. ಆದರೆ ಆ ಬೆಳಿಗ್ಗೆ ಯಾರ ಹಾಲಿಗೂ ನೀರು ಬೆರೆತಿದೆ ಎಂದು ಅವರು ಬೈಯಲಿಲ್ಲವಂತೆ. ಊರಿಗೆಲ್ಲ ಸುದ್ದಿ ಮುಟ್ಟಿದ್ದು ಹಾಗೆ.

ಮೇಜು ಸಿಕ್ಕಿದೆ. ಬಟ್ಟೆಯನ್ನು ನೆಲ ಮುಟ್ಟುವಂತೆ ಹೊಲಿಯುತ್ತಿದ್ದಾರೆ. ಕುರ್ಚಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಶಾಲೆಯಿಂದ ಮೆತ್ತೆಯ ಕುರ್ಚಿ ತರೋಣವೆಂದು ಕೆಲವರು ಹೇಳಿದರು. ಅದಕ್ಕೆ ಅಡ್ಡ ಬಂದವರು ನಮ್ಮಲ್ಲೆಲ್ಲ ಹಿರಿಯರಾದ ರೇಡಿಯೋ ಅಜ್ಜಿ. ಕೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಾರೆ, ನಿಲ್ಲಿಸುವ ಗುಂಡಿ ಇಲ್ಲ, ಅದಕ್ಕೇ ಆ ಹೆಸರು. "ಗಟ್ಟಿ ಕುರ್ಚಿ ಹಾಕ್ರೇ. ಹೋದ್ಸಲ ಮೆತ್ತೆ ಮೇಲೆ ಕೂರಿಸಿದ್ದಕ್ಕೆ ಆ ಸಾಹೇಬ್ರು ತಮ್ಮ ಭಾಷಣಕ್ಕೆ ತಾವೇ ತೂಕಡಿಸಿದ್ರು" ಎಂದರು.

ಇನ್ನೊಂದು ವಿಷಯ. ನಾವು ಸಭೆಯಲ್ಲಿ ಕೂರುವ ರೀತಿ ಬೇರೆ ಕಡೆಯಂತಲ್ಲ. ಅದಕ್ಕೊಂದು ಕಾರಣವಿದೆ, ಹಿಂದಿನ ಕಥೆಯೂ ಇದೆ. ಅದನ್ನು ಪತ್ರದಲ್ಲಿ ಬರೆಯಬೇಡ, ಎದುರಿಗೇ ಹೇಳು, ಕೇಳುವಾಗ ಅವರ ಮುಖ ನೋಡಬೇಕು ಎಂದು ಅಧ್ಯಕ್ಷೆ ಹೇಳಿದ್ದಾರೆ. ಹಾಗಾಗಿ ಸ್ವಾಗತ ಭಾಷಣದಲ್ಲಿ ಅದನ್ನು ಹೇಳುವ ಕೆಲಸ ನನ್ನದು. ನಾಲ್ಕು ನಿಮಿಷ.

ಮಾತು ನನಗೆ ಬರುವುದಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಸಾಹಿತ್ಯ ಓದಿದೆ, ಹಾಜರಿ ಕೂಗಿದಾಗ ಬಿಟ್ಟರೆ ತರಗತಿಯಲ್ಲಿ ಬಾಯಿ ತೆಗೆದವಳಲ್ಲ. ಈಗ ದಿನಾ ಸಂಜೆ ಖಾಲಿ ಹಾಲಿನ ಕ್ಯಾನುಗಳ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಕ್ಯಾನುಗಳು ಶ್ರದ್ಧೆಯಿಂದ ಕೇಳುತ್ತವೆ. ನನ್ನ ಮಾತು ಮಾತ್ರ ಅವುಗಳೊಳಗೆ ಹೋಗಿ ಬೇರೆ ಯಾರದೋ ಮಾತಿನಂತೆ ಹೊರಗೆ ಬರುತ್ತದೆ.

ಕಾರ್ಯದರ್ಶಿ

---

ಫೆಬ್ರುವರಿ 23

ಮಾನ್ಯ ಡಾಕ್ಟರ್ ಅವರಿಗೆ,

ನಿನ್ನೆ ತಾವು ಅಷ್ಟು ದೂರದಿಂದ ಬಂದು ನಮ್ಮ ಸಭೆಯನ್ನು ನಡೆಸಿಕೊಟ್ಟಿದ್ದಕ್ಕೆ ಸಂಘದ ಎಲ್ಲ ಸದಸ್ಯೆಯರ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಮಾತುಗಳಿಂದ ಎಲ್ಲರಿಗೂ ತುಂಬ ಸಂತೋಷವಾಯಿತು. ಸಭೆ ಯಶಸ್ವಿಯಾಯಿತು.

ಅಧ್ಯಕ್ಷೆಯವರು ಕೊಟ್ಟ ಸೂಜಿಯನ್ನು ತಾವು ತೆಗೆದುಕೊಳ್ಳದಿದ್ದುದಕ್ಕೆ ಯಾರೂ ಏನೂ ಅಂದುಕೊಂಡಿಲ್ಲ.

ಸ್ವಾಗತ ಭಾಷಣ ಸ್ವಲ್ಪ ಚಿಕ್ಕದಾಯಿತು. ಕ್ಷಮೆ ಇರಲಿ.

ಕಾರ್ಯದರ್ಶಿ

---

ಫೆಬ್ರುವರಿ 24

ಕಾರ್ಯದರ್ಶಿಯವರಿಗೆ,

ಕ್ಷೇಮವಾಗಿ ತಲುಪಿದ್ದೇನೆ. ನಿಮ್ಮ ಆತಿಥ್ಯಕ್ಕೆ ಕೃತಜ್ಞತೆಗಳು.

ನಿಮ್ಮ ಸದಸ್ಯೆಯರಿಗೆ ಕೈತುಂಬ ಕೆಲಸವಿರುವ ದಿನ ನಾನು ಅವರ ಸಮಯ ತೆಗೆದುಕೊಂಡೆ ಎನಿಸಿತು. ನಲವತ್ತು ನಿಮಿಷ ನಾನು ಮೂವತ್ತು ನೆತ್ತಿಗಳ ಜೊತೆ ಮಾತಾಡಿದೆ. ಒಂದೇ ಒಂದು ಮುಖವೂ ಮೇಲೇಳಲಿಲ್ಲ. ತಪ್ಪು ಅವರದ್ದಲ್ಲ, ಹಳೆಯ ಡಾಕ್ಟರುಗಳ ಮಾತು ಔಷಧಿ ಚೀಟಿಯ ಹಾಗೆ, ಯಾರಿಗೂ ಓದಲು ಆಗುವುದಿಲ್ಲ. ಮುಂದಿನ ವರ್ಷ ಮಾತು ಬಲ್ಲವರನ್ನು ಯಾರನ್ನಾದರೂ ಕರೆಯಿರಿ.

ನಾನು ಮತ್ತೆ ಅಚ್ಚು ಹಾಕಿಸಿದ ಉತ್ತರಕ್ಕೇ ಮರಳಿದ್ದೇನೆ. ನಿಮಗೆ ಒಳ್ಳೆಯದಾಗಲಿ.

ಡಾಕ್ಟರ್

---

ಮಾರ್ಚ್ 22, ಶನಿವಾರ

ಡಾಕ್ಟರಮ್ಮನವರಿಗೆ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ನನ್ನ ಧನ್ಯವಾದದ ಕಾಗದ ಅತ್ತ ಹೋಗುವಾಗ ನಿಮ್ಮದು ಇತ್ತ ಬರುತ್ತಿತ್ತು. ನನ್ನದರಲ್ಲಿದ್ದ ಒಂದು ಸಾಲೂ ನಿಜವಲ್ಲ. ಸೂಜಿಯ ವಿಷಯಕ್ಕೆ ಎಲ್ಲರೂ ಅಂದುಕೊಂಡರು. ಅಂದುಕೊಂಡಿದ್ದು ಮಾತ್ರವಲ್ಲ, ಅಂದೂ ಬಿಟ್ಟರು. ನಿಮ್ಮ ಪತ್ರವನ್ನು ನಾನು ಯಾರಿಗೂ ತೋರಿಸಿಲ್ಲ. ಅಂಚೆಯಕ್ಕ ಕೇಳಿದಾಗ, ಕ್ಷೇಮವಾಗಿ ತಲುಪಿದರಂತೆ ಎಂದೆ.

ಇವತ್ತಿನ ಸಭೆಯಲ್ಲಿ ಇನ್ನು ಮುಂದೆ ಹೊರಗಿನಿಂದ ಯಾರನ್ನೂ ಕರೆಯುವುದು ಬೇಡವೆಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ಪುಸ್ತಕದಲ್ಲಿ ಬರೆದವಳು ನಾನೇ. ಬರೆಯುವಾಗ ಕೈ ನಿಂತಿತು. ಅದಕ್ಕೇ ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇಷ್ಟೆಲ್ಲ ಆದದ್ದು ನನ್ನಿಂದ.

ನಮ್ಮ ಸಂಘಕ್ಕೆ ಇರುವುದು ಒಂದೇ ನಿಯಮ. ಕೈ ಖಾಲಿ ಇಟ್ಟುಕೊಂಡು ಯಾರೂ ಕೂರಬಾರದು. ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ ಇದೆ. ಊರಿನವರು ಹರಿದ ಅಂಗಿ, ಚೀಲ, ಶಾಲೆಯ ಸಮವಸ್ತ್ರ ಎಲ್ಲವನ್ನೂ ಅದರಲ್ಲಿ ಹಾಕಿ ಹೋಗುತ್ತಾರೆ. ನಾವು ಮಾತು ಕೇಳುತ್ತಾ ಅದಕ್ಕೆ ತೇಪೆ ಹಾಕುತ್ತೇವೆ, ಗುಂಡಿ ಹೊಲಿಯುತ್ತೇವೆ. ಮುಖ್ಯವಾದ ಮಾತಾದರೆ ತಲೆ ಇನ್ನಷ್ಟು ತಗ್ಗುತ್ತದೆ. ನೀವು ಬಂದ ಮುಂದಿನ ಶನಿವಾರ, ಆವತ್ತು ಬರಲಾಗದಿದ್ದ ಇಬ್ಬರಿಗೆ ರೇಡಿಯೋ ಅಜ್ಜಿ ನಿಮ್ಮ ಭಾಷಣವನ್ನು ಪೂರ್ತಿ ಹೇಳಿದರು. ನಡುವೆ ನೀವು ಎರಡು ಸಲ ಕೆಮ್ಮಿದ ಜಾಗದಲ್ಲಿ ಅವರೂ ಕೆಮ್ಮಿದರು. ಮೂಲೆಮನೆ ಅತ್ತಿಗೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ವರ್ಷದಿಂದ ಮುಚ್ಚಿಟ್ಟಿದ್ದವರು, ನೀವು ಹೇಳಿದ ಲಕ್ಷಣಗಳನ್ನು ಬೆರಳು ಮಡಚಿ ಎಣಿಸಿಕೊಂಡು ಸೋಮವಾರವೇ ಆಸ್ಪತ್ರೆಗೆ ಹೋದರು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನೆತ್ತಿಗಳು ಕೇಳಿಸಿಕೊಂಡವು, ಡಾಕ್ಟರಮ್ಮ.

ಇನ್ನು ನಾನು ಹೇಳದೇ ಬಿಟ್ಟ ನಾಲ್ಕು ನಿಮಿಷ.

ಇಪ್ಪತ್ತು ವರ್ಷದ ಹಿಂದೆ ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ತಾಯಿ ಕೂತಿದ್ದಳು. ನಾಲ್ಕು ವರ್ಷದ ಮಗಳನ್ನು ಆಗಷ್ಟೇ ಒಳಗೆ ಕರೆದೊಯ್ದಿದ್ದರು. ಅವಳ ಕೈಗಳು ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದವು. ಒಳಗೆ ಹೊರಟಿದ್ದ ನೀವು ಅದನ್ನು ನೋಡಿ ನಿಂತಿರಿ. "ಕೈ ಸುಮ್ನಿದ್ರೆ ಭಯ ಜಾಸ್ತಿಯಾಗುತ್ತಮ್ಮ. ಅದಕ್ಕೆ ಏನಾದ್ರೂ ಕೆಲಸ ಕೊಡು" ಎಂದಿರಿ. ನಿಮ್ಮ ಬಿಳಿ ಕೋಟಿನ ತೋಳಿನ ಗುಂಡಿ ಕಿತ್ತು ನೇತಾಡುತ್ತಿತ್ತು. ಕೋಟು ಬಿಚ್ಚಿ ಅವಳ ಮಡಿಲಿಗೆ ಹಾಕಿದಿರಿ. "ನೀನು ಇದನ್ನ ಹೊಲಿ. ನಾನು ಒಳಗೆ ನಿನ್ನ ಮಗಳನ್ನ ಹೊಲಿದು ಬರ್ತೀನಿ."

ಅವಳು ಹೊಲಿದಳು. ಗುಂಡಿ ಮುಗಿದ ಮೇಲೆ ಪಕ್ಕದಲ್ಲಿದ್ದವರ ಚೀಲ, ಅದಾದ ಮೇಲೆ ವಾರ್ಡಿನ ಹರಿದ ಹೊದಿಕೆಗಳು. ಹನ್ನೊಂದು ದಿನ. ಬೆಂಚಿನಲ್ಲಿದ್ದ ಬೇರೆ ತಾಯಂದಿರೂ ಸೇರಿಕೊಂಡರು. ಮಗಳನ್ನು ಕರೆದುಕೊಂಡು ಊರಿಗೆ ಬಂದ ಮೊದಲ ಶನಿವಾರ ಅವಳು ನೆರೆಯ ಇಬ್ಬರನ್ನು ಕರೆದು ಹೀಗೆಯೇ ಕೂತಳು. ಅದೇ ನಮ್ಮ ಸಂಘ. ನಿಯಮ ನಿಮ್ಮದೇ.

ಆ ತಾಯಿ ನಮ್ಮ ಅಧ್ಯಕ್ಷೆ. ನನ್ನ ಅಮ್ಮ. ಒಳಗಿದ್ದ ಮಗು ನಾನು.

ಇದನ್ನು ನಾನು ನೂರು ಸಲ ಕ್ಯಾನುಗಳಿಗೆ ಹೇಳಿದ್ದೆ. ಆವತ್ತು ಎದ್ದು ನಿಂತಾಗ, ನಮ್ಮ ಹುಡುಗಿ ಮಾತಾಡುತ್ತಾಳೆಂದು ಎಲ್ಲರೂ ಸೂಜಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ನೀವೂ ನೋಡಿದಿರಿ. "ಎಲ್ಲರಿಗೂ ಸ್ವಾಗತ" ಎಂದು ಕೂತುಬಿಟ್ಟೆ. ಅಮ್ಮ ನನ್ನನ್ನು ಬೈಯಲಿಲ್ಲ. ಹೇಳದಿದ್ದರೇನು, ಅವರ ಮಾತು ಅವರಿಗೆ ನೆನಪಿರುವುದಿಲ್ಲವೇ ಎಂದುಕೊಂಡು ನಿಮ್ಮತ್ತ ಸೂಜಿ, ಬಟ್ಟೆ ಚಾಚಿದಳು. ನೀವು ತಲೆಯಾಡಿಸಿ ಬೇಡವೆಂದಿರಿ. ಮನೆಗೆ ಬಂದು ಅಮ್ಮ ಹೇಳಿದ್ದು ಒಂದೇ ಮಾತು. "ದೊಡ್ಡೋರಾದ್ಮೇಲೆ ಹಳೇದೆಲ್ಲ ಯಾಕೆ ನೆನಪಿರ್ಬೇಕು, ಬಿಡು."

ಇನ್ನೊಂದನ್ನು ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ನೀವು ಚಹಾದ ಬಟ್ಟಲನ್ನು ಮುಟ್ಟಲಿಲ್ಲ. ಕೈಗಳನ್ನು ಮೇಜಿನ ಬಟ್ಟೆಯ ಕೆಳಗಿನಿಂದ ಹೊರಗೆ ತೆಗೆಯಲಿಲ್ಲ. ನಿಮ್ಮ ಸಹಿ, ಇರುವೆಯೊಂದು ಶಾಯಿಯಲ್ಲಿ ಬಿದ್ದೆದ್ದು ನಡೆದ ಹಾಗಿದೆ. ನಾನು ನೋಡಿದೆ. ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಹೇಳಿದ್ದರೆ ಅಮ್ಮನ ನೋವು ಅಂದೇ ಹೋಗುತ್ತಿತ್ತು. ಆದರೆ ಅದನ್ನು ಹೇಳುವ ಹಕ್ಕು ನನ್ನದಲ್ಲ.

ಆವತ್ತು ಪರದೆಯ ಅಂಚಿನಲ್ಲಿ ಎಂಟು ಸೂಜಿಗಳಿದ್ದವು. ಎಂಟನೆಯದನ್ನು ನಿಮಗೆಂದು ಪೋಣಿಸಿದ್ದರು. ಅಮ್ಮ ನಿಮ್ಮತ್ತ ಚಾಚಿದ್ದು ಅದನ್ನೇ, ತಿರುಗಿ ಚುಚ್ಚಿಟ್ಟದ್ದು ಈಗಲೂ ಅಲ್ಲೇ ಇದೆ. ಅಮ್ಮ ಪ್ರತಿ ವಾರ ಪರದೆ ಸರಿಸುತ್ತಾಳೆ, ಅದನ್ನು ಮಾತ್ರ ತೆಗೆಯುವುದಿಲ್ಲ.

ಬದುಕಿಸಿದವರಿಗೆ ಥ್ಯಾಂಕ್ಸ್ ಹೇಳುವ ಕೆಲಸವನ್ನು ಇಪ್ಪತ್ತು ವರ್ಷ ಮುಂದಕ್ಕೆ ಹಾಕಿ, ಸಿಕ್ಕಿದ ಒಂದು ಮಧ್ಯಾಹ್ನವನ್ನೂ ಕಳೆದೆ. ಈಗ ಕಾಗದದಲ್ಲಿ ಹೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ಡಾಕ್ಟರಮ್ಮ. ಬಸ್ಸು ಹಿಡಿಯಲು ಓಡುತ್ತೇನೆ. ಹಾಲಿನ ಕ್ಯಾನು ಎತ್ತುತ್ತೇನೆ. ಎದೆಯ ಮೇಲಿನ ಗೆರೆ ಈಗ ಬೆಳ್ಳಗಾಗಿದೆ, ತುಂಬ ನೇರವಾಗಿದೆ.

ಕಾರ್ಯದರ್ಶಿ

---

ಏಪ್ರಿಲ್ 3

ಹುಡುಗಿ,

ಇದನ್ನು ನಾನೇ ಬರೆಯುತ್ತಿದ್ದೇನೆ. ಟೀಚರ್ ಊರಿನಲ್ಲೇ ಇದ್ದಾರೆ, ಕರೆಯಲಿಲ್ಲ. ಮೂರು ದಿನದಿಂದ ದಿನಕ್ಕಿಷ್ಟು ಎಂದು ಬರೆಯುತ್ತಿದ್ದೇನೆ. ನಿನ್ನ ಇರುವೆ ಈಗ ಸಂಸಾರ ಸಮೇತ ಬಂದಿದೆ, ತಾಳ್ಮೆಯಿಂದ ಓದು.

ನೀನು ನೋಡಿದ್ದು ಸರಿ. ನನ್ನ ಕೈ ನಡುಗುತ್ತದೆ. ಮೂರು ವರ್ಷವಾಯಿತು. ಎಲ್ಲರಿಗೂ ನಿವೃತ್ತಿ ಎಂದು ಹೇಳಿದ್ದೇನೆ. ಇನ್ನೂ ಐದು ವರ್ಷ ಕೆಲಸ ಮಾಡುವವಳಿದ್ದೆ. ನಿನ್ನ ಅಮ್ಮ ಸೂಜಿ ಚಾಚಿದಾಗ, ಈ ಕೈ ಮೂವತ್ತು ಹೆಂಗಸರ ಮುಂದೆ ಒಂದು ಗುಂಡಿ ಹೊಲಿಯಲಾರದೆ ಹೋದರೆ ಎಂದು ಹೆದರಿದೆ. ಹೆದರಿಕೆ ಗರ್ವದ ಹಾಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ತಗ್ಗಿದ ತಲೆ ನನಗೆ ಉದಾಸೀನದ ಹಾಗೆ ಕಂಡಿತಲ್ಲ, ಹಾಗೆ.

ನಿನಗೆ ಸುಳ್ಳು ಹೇಳಲಾರೆ. ನಿನ್ನ ಅಮ್ಮ ನನಗೆ ನೆನಪಿಲ್ಲ. ನೀನೂ ಇಲ್ಲ. ಅಷ್ಟು ಬೆಂಚುಗಳು, ಅಷ್ಟು ತಾಯಂದಿರು. ನಿನ್ನ ಪತ್ರ ಓದಿದ ಮೇಲೆ ತಲೆ ಕೆಡಿಸಿಕೊಂಡು ಕೂತೆ. ಕೊನೆಗೆ ಹಳೆಯ ಪೆಟ್ಟಿಗೆ ತೆಗೆದೆ. ಕೋಟುಗಳು ನಾಲ್ಕಿದ್ದವು. ಮೂರನೆಯದರ ಎಡತೋಳಿನಲ್ಲಿ ಒಂದು ಗುಂಡಿಯನ್ನು ಹಸಿರು ದಾರದಲ್ಲಿ ಹೊಲಿದಿತ್ತು. ಆ ಕೋಟನ್ನು ಎಷ್ಟು ವರ್ಷ ಹಾಕಿಕೊಂಡಿದ್ದೇನೋ, ಒಂದು ಸಲವೂ ನೋಡಿರಲಿಲ್ಲ. ಗುಂಡಿ ಅಲುಗಿಲ್ಲ. ಹೊಲಿಗೆ ನನ್ನ ಹೊಲಿಗೆಗಿಂತ ಚೆನ್ನಾಗಿದೆ, ಇದನ್ನು ತಿಳಿದವಳಾಗಿ ಹೇಳುತ್ತಿದ್ದೇನೆ.

ಕೈ ಸುಮ್ಮನಿದ್ದರೆ ಭಯ ಜಾಸ್ತಿಯಾಗುತ್ತದೆ. ಹೇಳಿದವಳು ಮರೆತು, ಮೂರು ವರ್ಷದಿಂದ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದೇನೆ. ಕೇಳಿದವಳು ಅದನ್ನು ಇಪ್ಪತ್ತು ವರ್ಷ ಜೋಪಾನ ಮಾಡಿ ಇಟ್ಟಿದ್ದಾಳೆ. ಥ್ಯಾಂಕ್ಸ್ ಯಾರು ಯಾರಿಗೆ ಹೇಳಬೇಕು, ಸಾಹಿತ್ಯ ಓದಿದವಳು ನೀನೇ ಹೇಳು.

ಕೋಟನ್ನು ಇದರ ಜೊತೆ ಕಳಿಸಿದ್ದೇನೆ. ಬಲತೋಳಿನ ಗುಂಡಿಯೂ ಕಿತ್ತುಹೋಗಿದೆ. ನಿಮ್ಮ ಪೆಟ್ಟಿಗೆಗೆ ಹಾಕು, ಸರದಿ ಬಂದಾಗ ಹೊಲಿಯಲಿ. ನನ್ನ ಕೈಯ ವಿಷಯ ಎಲ್ಲರಿಗೂ ತಿಳಿಯಲಿ, ಈ ಪತ್ರವನ್ನು ಸಭೆಯಲ್ಲಿ ಓದಿಸು. ಮತ್ತೆ ಆ ಎಂಟನೆಯ ಸೂಜಿಯನ್ನು ತೆಗೆಯಬೇಡಿ. ಮಳೆಗಾಲಕ್ಕೆ ಮುಂಚೆ ಒಂದು ಶನಿವಾರ ಬರುತ್ತೇನೆ, ಕರೆಯದಿದ್ದರೂ. ಭಾಷಣಕ್ಕಲ್ಲ. ಒಂದು ಗುಂಡಿಗೆ ಒಂದು ಮಧ್ಯಾಹ್ನ ಹಿಡಿದರೆ ಯಾರೂ ನಗಬಾರದು. ನಕ್ಕರೂ ತಲೆ ತಗ್ಗಿಸಿಕೊಂಡು ನಗಿ.

ನಿನ್ನ ಎದೆಯ ಗೆರೆ ನೇರವಾಗಿದೆ ಎಂದು ಓದಿ ನನಗಾದ ಸಂತೋಷವನ್ನು ಈ ಕೈಯಲ್ಲಿ ಬರೆಯಲು ಆಗುವುದಿಲ್ಲ.

ನಿನ್ನ ಡಾಕ್ಟರಮ್ಮ

---

ಏಪ್ರಿಲ್ 11, ಶುಕ್ರವಾರ

ಪ್ರೀತಿಯ ಡಾಕ್ಟರಮ್ಮ,

ಕಟ್ಟು ನಿನ್ನೆ ಬಂತು. ಕೇಂದ್ರಕ್ಕೆ ಕೊಡಬೇಡಿ, ನನ್ನ ಕೈಗೇ ಕೊಡಿ ಎಂದು ಅಂಚೆಯಕ್ಕನಿಗೆ ಮೊದಲೇ ಹೇಳಿಟ್ಟಿದ್ದೆ. "ಏನು ಗುಟ್ಟಮ್ಮ, ಗಂಡು ಗಿಂಡು ನೋಡ್ಕೊಂಡ್ಯಾ" ಎಂದು ಕಟ್ಟು ಕೊಡುವಾಗ ಕೇಳಿದರು. ಕಟ್ಟಿನ ಅಂಚು ಬಿಡಿಸಿ ನೋಡಿ, ಬಿಳಿ ಕೋಟೊಂದು ಬಂದಿದೆ ಎಂದೆ. ಡಾಕ್ಟರೇ ಇರಬೇಕು ಎಂದು ತೀರ್ಮಾನಿಸಿ ಖುಷಿಯಾಗಿ ಹೋದರು. ನಾಳೆಯವರೆಗೆ ಅವರು ಹಾಗೇ ಇರಲಿ.

ನಿಮ್ಮ ಪತ್ರವನ್ನು ಓದಲು ನನಗೆ ಕಷ್ಟವಾಗಲಿಲ್ಲ. ಒಂದೊಂದು ಅಕ್ಷರದ ಪಕ್ಕ ಸ್ವಲ್ಪ ಹೊತ್ತು ನಿಂತರೆ ಸಾಕು, ಅದೇ ಹೇಳುತ್ತದೆ.

ಇವತ್ತು ಬೆಳಿಗ್ಗೆ ಅಮ್ಮ ಹಾಲಿನ ಪಾತ್ರೆಗಳನ್ನು ತೊಳೆಯುತ್ತಿದ್ದಾಗ, ಏನೂ ಅಲ್ಲದ ಹಾಗೆ, ಆವತ್ತು ಡಾಕ್ಟರ ಕೋಟಿಗೆ ಯಾವ ಬಣ್ಣದ ದಾರ ಹಾಕಿದೆ ಎಂದು ಕೇಳಿದೆ. ತಿರುಗಿ ನೋಡದೆ ಹೇಳಿದಳು. "ಹಸಿರು. ಆಸ್ಪತ್ರೇಲಿ ಬಿಳಿ ದಾರ ಎಲ್ಲಿಂದ ತರ್ಲಿ. ಸೂಜಿ ನರ್ಸಮ್ಮನ ಹತ್ರ ಇಸ್ಕೊಂಡೆ. ದಾರ ನಿನ್ನ ಫ್ರಾಕಿನ ಅಂಚಿಂದ ಎಳೆದಿದ್ದು. ನಿನ್ನನ್ನ ಒಳಗೆ ಕರ್ಕೊಂಡ್ಹೋಗುವಾಗ ಫ್ರಾಕ್ ನನ್ನ ಕೈಗೆ ಕೊಟ್ಟಿದ್ರಲ್ಲ." ಆಮೇಲೆ ಪಾತ್ರೆ ಬೋರಲು ಹಾಕಿ, "ಯಾಕೆ?" ಎಂದಳು. ಸುಮ್ಮನೆ ಎಂದೆ. ಅವಳಿಗೆ ನಾಳೆ ಗೊತ್ತಾಗಲಿ ಎಂದು ತಡೆದುಕೊಂಡೆ. ಅಳುವನ್ನು ಮಾತ್ರ ಅಡುಗೆಮನೆಯಿಂದ ಹೊರಗೆ ಬರುವವರೆಗಷ್ಟೇ ತಡೆಯಲು ಆಯಿತು.

ಹಾಗಾದರೆ ನೀವು ಇಷ್ಟು ವರ್ಷ ಹಾಕಿಕೊಂಡು ಓಡಾಡಿದ ತೋಳಿನಲ್ಲಿ ನನ್ನ ಫ್ರಾಕಿನ ದಾರವಿತ್ತು. ನನ್ನ ನಂತರ ಬಂದ ಮಕ್ಕಳನ್ನೆಲ್ಲ ನೋಡಲು ಅದೂ ನಿಮ್ಮ ಜೊತೆ ವಾರ್ಡಿಗೆ ಹೋಗುತ್ತಿತ್ತು. ಥ್ಯಾಂಕ್ಸ್ ಯಾರು ಯಾರಿಗೆ ಎಂದು ಕೇಳಿದಿರಿ. ನನಗೆ ಗೊತ್ತಿಲ್ಲ. ಲೆಕ್ಕ ಹಾಕದೆ ಹಾಗೇ ಬಿಡೋಣ ಎನಿಸುತ್ತದೆ.

ಪತ್ರವನ್ನು ಓದಿಸು ಎಂದು ಬರೆದಿದ್ದೀರಿ. ಸಂಘಕ್ಕೆ ಬಂದ ಪತ್ರಗಳನ್ನು ಸಭೆಯಲ್ಲಿ ಓದುವವಳು ಅಮ್ಮ. ಕಾರ್ಯದರ್ಶಿ ಲಕೋಟೆ ಒಡೆದು ಅವಳ ಕೈಗೆ ಕೊಟ್ಟು ಮೂಲೆಯಲ್ಲಿ ಕೂರುತ್ತಾಳೆ, ಇದುವರೆಗೆ ಹಾಗೇ ನಡೆದಿದೆ. ಆದರೆ ನಿನ್ನೆ ನನಗೊಂದು ವಿಷಯ ಹೊಳೆದಿದೆ. ಮಾತು ಬರದವಳಿಗೆ ನಮ್ಮ ಸಂಘಕ್ಕಿಂತ ಒಳ್ಳೆಯ ಸಭೆ ಎಲ್ಲಿಯೂ ಸಿಗದು. ಆವತ್ತಿನ ಹಾಗೆ ಸೂಜಿ ಕೆಳಗಿಡಬೇಡಿ ಎಂದು ಮೊದಲೇ ಹೇಳಿದರೆ ಸಾಕು, ಎಲ್ಲರ ತಲೆ ತಗ್ಗಿರುತ್ತದೆ. ಯಾರೂ ಮುಖ ನೋಡುವುದಿಲ್ಲ, ಎಲ್ಲರೂ ಕೇಳುತ್ತಾರೆ. ನಿಮ್ಮನ್ನು ನೋಯಿಸಿದ ಅದೇ ನೆತ್ತಿಗಳ ನಡುವೆ ನಾನು ಇಪ್ಪತ್ತು ವರ್ಷ ಬೆಳೆದರೂ ಅದು ನನಗೆ ಕಂಡಿದ್ದು ಈಗ.

ಸಂಜೆ ಕ್ಯಾನುಗಳ ಹತ್ತಿರ ಹೋಗಲಿಲ್ಲ. ಆ ದಿನದ ನಾಲ್ಕು ನಿಮಿಷದ ಕಾಗದ, ಮುಷ್ಟಿಯಲ್ಲಿ ಮುದುಡಿದ್ದು, ಇನ್ನೂ ನನ್ನ ಹತ್ತಿರವೇ ಇತ್ತು. ಅದನ್ನು ಬಿಡಿಸಿ, ಕೈಯಿಂದ ತೀಡಿ, ನಿಮ್ಮ ಪತ್ರದ ಮೇಲಿಟ್ಟಿದ್ದೇನೆ.

ನಾಳೆ ಅಮ್ಮನ ಕೈಗೆ ನಿಮ್ಮ ಕೋಟನ್ನು ಮಾತ್ರ ಕೊಡುತ್ತೇನೆ, ಹೊಲಿಯುತ್ತಾ ಕೂರಲಿ. ಎದ್ದು ನಿಂತು ಓದುವವಳು ನಾನು.

ನಿಮ್ಮ
ಹುಡುಗಿ